ದೊಡ್ಡ ರೀಫ್ ಟ್ಯಾಂಕ್‌ಗೆ ಸುಲಭವಾಗಿ ಕೈಹಾಕಿ ತೊಳೆಯಬಹುದಾದ ಸಂಪ್: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಡಿಕೇರಿಯ ನಮ್ಮ ಮನೆಯಲ್ಲಿ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಎತ್ತರದ ರೀಫ್ ಟ್ಯಾಂಕ್, ಅಂದರೆ ಮೀನು, ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ ಇದೆ. ನೋಡಲು ಬಂದವರು ಮೊದಲು ಮೀನು, ಹವಳ ನೋಡುತ್ತಾರೆ. ಆಮೇಲೆ ಪಕ್ಕದ ಸ್ಟೋರ್ ರೂಮಿನಲ್ಲಿರುವ ಸಂಪ್ ಮುಂದೆ ನಿಂತು ಪ್ರಶ್ನೆ ಶುರು ಮಾಡುತ್ತಾರೆ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಫೋನಿನಲ್ಲಿ, ಪತ್ರದಲ್ಲಿ ಬರುವುದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಲೆಕ್ಕಗಳೆಲ್ಲ ಈ ಅಳತೆಯ ಟ್ಯಾಂಕ್‌ನವು. ನಿಮ್ಮದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ಸಂಪ್ ಅಂದ್ರೆ ಮನೆ ಮುಂದೆ ನೆಲದಡಿ ನೀರು ತುಂಬಿಸ್ತೀವಲ್ಲ, ಅದೇನಾ?

ಹೆಸರು ಒಂದೇ, ವಸ್ತು ಬೇರೆ. ಇದು ಮುಖ್ಯ ಟ್ಯಾಂಕ್‌ಗಿಂತ ಕೆಳಗಿನ ಮಟ್ಟದಲ್ಲಿ ಇಡುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ಟ್ಯಾಂಕ್‌ನ ನೀರು ತುಂಬಿ ಹೊರಚೆಲ್ಲುವ ಜಾಗದಿಂದ (ಓವರ್‌ಫ್ಲೋ) ಪೈಪ್ ಮೂಲಕ ಇದಕ್ಕೆ ಇಳಿಯುತ್ತದೆ. ಇಲ್ಲಿ ಸೋಸಿ, ಬೆಚ್ಚಗಾಗಿ, ಪಂಪ್ ಮೂಲಕ ವಾಪಸ್ ಮೇಲಕ್ಕೆ ಹೋಗುತ್ತದೆ. ಇದೇ ಸುತ್ತು ಹಗಲೂ ರಾತ್ರಿ ನಡೆಯುತ್ತಿರುತ್ತದೆ.

ಸಂಪ್ ಇಲ್ಲದೆ ರೀಫ್ ಇಡೋಕೆ ಆಗಲ್ವಾ?

ಚಿಕ್ಕ ಟ್ಯಾಂಕ್ ಆದರೆ ಆಗುತ್ತದೆ. 800 ಲೀಟರ್ ದಾಟಿದ ಮೇಲೆ ಸಂಪ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೀಟರ್, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆಯನ್ನು ಕಪ್ಪಿಗೆ ತುಂಬುವ ಯಂತ್ರ), ಸೆನ್ಸರ್ ಎಲ್ಲ ಕಣ್ಣಿಗೆ ಕಾಣದ ಕಡೆ ಹೋಗುತ್ತವೆ. ಆವಿಯಾಗಿ ನೀರು ಕಮ್ಮಿಯಾದದ್ದು ಮೇಲಿನ ಟ್ಯಾಂಕ್‌ನಲ್ಲಿ ಕಾಣುವುದೇ ಇಲ್ಲ. ನೀರಿನ ಮೇಲೆ ಕಟ್ಟುವ ಜಿಡ್ಡಿನ ಪೊರೆಯೂ ಓವರ್‌ಫ್ಲೋ ಮೂಲಕ ಇಳಿದುಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹವಳಗಳನ್ನು ಮುಟ್ಟದೆ ನೀರು ಬದಲಾಯಿಸಬಹುದು.

ಎಷ್ಟು ದೊಡ್ಡದು ಮಾಡಿಸ್ಬೇಕು? ಕರೆಂಟ್ ಹೋದ್ರೆ ಮನೆ ತುಂಬಾ ನೀರಾಗುತ್ತೆ ಅಂತಾರಲ್ಲ?

ಈ ಎರಡೂ ಒಂದೇ ಪ್ರಶ್ನೆ. ಸಂಪ್‌ನ ಅಳತೆ ಹೇಳುವುದೇ ಕರೆಂಟ್ ಹೋದಾಗ ಇಳಿದು ಬರುವ ನೀರು.

ನಮ್ಮ ಟ್ಯಾಂಕ್‌ನ ಮೇಲ್ಮೈ 15 ಚದರ ಅಡಿ. ಅಲ್ಲಿ 1 ಇಂಚು ನೀರು ಇಳಿದರೂ 35 ಲೀಟರ್ ಆಗುತ್ತದೆ. ಪಂಪ್ ನಿಂತಾಗ ಒಂದೂವರೆ ಇಂಚು ಇಳಿಯುತ್ತದೆ ಅಂತಿಟ್ಟುಕೊಂಡರೆ 53 ಲೀಟರ್. ಪೈಪ್ ಮತ್ತು ಓವರ್‌ಫ್ಲೋ ಪೆಟ್ಟಿಗೆಯಲ್ಲಿದ್ದದ್ದು ಸೇರಿ ಸುಮಾರು 70 ಲೀಟರ್. ಇಷ್ಟಕ್ಕೆ ಸಂಪ್‌ನಲ್ಲಿ ಖಾಲಿ ಜಾಗ ಇರಲೇಬೇಕು.

ನಮ್ಮ ಸಂಪ್ 4 ಅಡಿ ಉದ್ದ, 2 ಅಡಿ ಅಗಲ, 16 ಇಂಚು ಎತ್ತರ. ಓಡುವಾಗ ಅದರಲ್ಲಿ 165 ಲೀಟರ್ ಇರುತ್ತದೆ. ಮೇಲೆ ಇನ್ನೂ 110 ಲೀಟರ್ ಹಿಡಿಯುತ್ತದೆ. ಹಾಗಾಗಿ ನಿಶ್ಚಿಂತೆ. ಸಂಪ್ ತುಂಬಾ ನೀರಿಟ್ಟು ಓಡಿಸುವ ಆಸೆ ಬೇಡ. ಖಾಲಿ ಕಾಣುವ ಆ 6 ಇಂಚು ಸುಮ್ನೆ ಬಿಟ್ಟದ್ದಲ್ಲ.

ಸ್ಟ್ಯಾಂಡ್ ಕೆಳಗೇ ಇಡಲಾ, ಬೇರೆ ರೂಮಲ್ಲಿ ಇಡಲಾ?

ಜಾಗ ಇದ್ದರೆ ಬೇರೆ ರೂಮೇ ಸರಿ. ನನ್ನ ಮೊದಲ ಸಂಪ್ ಸ್ಟ್ಯಾಂಡ್ ಒಳಗೇ ಇತ್ತು. ಸ್ಕಿಮ್ಮರ್‌ನ ಕಪ್ ಮೇಲಕ್ಕೆ ಎತ್ತಿ ತೆಗೆಯಲು 2 ಇಂಚು ಜಾಗ ಸಾಲದೆ ಬಂತು. ಪ್ರತಿ ಸಲ ಪಂಪ್ ನಿಲ್ಲಿಸಿ, ಇಡೀ ಸ್ಕಿಮ್ಮರ್ ಓರೆ ಮಾಡಿ ಹೊರಗೆಳೆಯಬೇಕಿತ್ತು. ವಾರಕ್ಕೆ ಎರಡು ಸಲ ತೊಳೆಯಬೇಕಾದ ಕಪ್ಪನ್ನು 3 ವಾರ ಹಾಗೇ ಬಿಡುತ್ತಿದ್ದೆ. ಆ ವರ್ಷ ಕಲ್ಲಿನ ಮೇಲೆಲ್ಲ ಪಾಚಿ. ಅಲ್ಲಿಂದ ನಾನು ಪ್ರತಿ ಭಾಗಕ್ಕೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಒಂದೇ ಕೈಯಲ್ಲಿ, ಸ್ಪ್ಯಾನರ್ ಇಲ್ಲದೆ, ಒಂದು ನಿಮಿಷದಲ್ಲಿ ಹೊರಗೆ ತೆಗೆಯಬಹುದಾ?

ಸ್ಟ್ಯಾಂಡ್ ಒಳಗೇ ಇಡಬೇಕಾದರೆ ಸ್ಕಿಮ್ಮರ್ ಮೊದಲು ಕೊಳ್ಳಿ. ಅದರ ಎತ್ತರದ ಮೇಲೆ ಕಪ್ ಎತ್ತಲು ಇನ್ನೂ 6 ಇಂಚು ಬಿಡಿ. ಆಮೇಲೆ ಸ್ಟ್ಯಾಂಡ್ ಅಳತೆ ಕೊಡಿ. ಪ್ಲೈವುಡ್ ಸ್ಟ್ಯಾಂಡ್ ನಮ್ಮ ಮಳೆಗಾಲದ ಥಂಡಿಗೂ ಉಪ್ಪಿಗೂ ಸೇರಿ ಊದಿಕೊಳ್ಳುತ್ತದೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್ ಕಟ್ಟಿ, ಮೇಲೆ ದಪ್ಪ ಗ್ರಾನೈಟ್ ಹಾಸಿದರೆ ಆ ಚಿಂತೆ ಇಲ್ಲ. ಹಳೇ ಮನೆಯ ಮರದ ಮಹಡಿ ಮೇಲೆ ಮಾತ್ರ ಇಡಲೇಬೇಡಿ. ನೀರು, ಗಾಜು, ಕಲ್ಲು ಸೇರಿ ಒಂದು ಟನ್ ದಾಟುತ್ತದೆ.

## ಕಟ್ಟುವಾಗ

ಒಳಗೆ ಎಷ್ಟು ಖಾನೆ ಬೇಕು? ಚಿತ್ರಗಳಲ್ಲಿ ಐದಾರು ಇರುತ್ತೆ.

ನನ್ನದರಲ್ಲಿ ಎರಡೇ ಅಡ್ಡಗಾಜು. ಮೊದಲ 3 ಅಡಿ ದೊಡ್ಡ ಖಾನೆ. ಅದರ ಕೊನೆಗೆ 9 ಇಂಚು ಎತ್ತರದ ಅಡ್ಡಗಾಜು. ನೀರು ಅದನ್ನು ಹತ್ತಿ ಇಳಿಯಬೇಕು. ಅದರಿಂದ 2 ಇಂಚು ಆಚೆ ಎರಡನೇ ಗಾಜು. ಅದು ತಳದಿಂದ ಒಂದೂವರೆ ಇಂಚು ಮೇಲಿದೆ. ನೀರು ಅದರ ಕೆಳಗೆ ನುಸುಳಿ ಪಂಪ್ ಖಾನೆಗೆ ಹೋಗುತ್ತದೆ. ಗುಳ್ಳೆಗಳು ಅಲ್ಲೇ ಮೇಲೆದ್ದು ಒಡೆಯುತ್ತವೆ.

ದೊಡ್ಡ ಖಾನೆಯ ನೀರು ಯಾವಾಗಲೂ 9 ಇಂಚಿಗೇ ನಿಲ್ಲುತ್ತದೆ. ಸ್ಕಿಮ್ಮರ್‌ಗೆ ಬೇಕಾದದ್ದು ಅದೇ. ನಿಮ್ಮ ಸ್ಕಿಮ್ಮರ್ ಎಷ್ಟು ಆಳ ಕೇಳುತ್ತದೋ ನೋಡಿ ಈ ಎತ್ತರ ಇಡಿ. ಆವಿಯಾದದ್ದೆಲ್ಲ ಪಂಪ್ ಖಾನೆಯಲ್ಲಿ ಮಾತ್ರ ಕಾಣುತ್ತದೆ.

ಪಂಪ್ ಖಾನೆ ಬೇಕಂತಲೇ ಚಿಕ್ಕದು, ಸುಮಾರು 37 ಲೀಟರ್. ಇಳಿಯುವ ಪೈಪ್ ಪೂರ್ತಿ ಕಟ್ಟಿಕೊಂಡರೂ ಪಂಪ್ ಅಷ್ಟೇ ನೀರನ್ನು ಮೇಲೆ ಕಳಿಸಬಲ್ಲದು. ಅದು ಮೇಲಿನ ಟ್ಯಾಂಕ್‌ನಲ್ಲಿ 1 ಇಂಚು ಚಿಲ್ಲರೆ. ಅಂಚಿಗೆ 2 ಇಂಚು ಬಿಟ್ಟಿದ್ದರೆ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ.

ಖಾನೆ ಹೆಚ್ಚಾದಷ್ಟೂ ಮೂಲೆ ಹೆಚ್ಚು. ಅಡ್ಡಗಾಜುಗಳ ಮಧ್ಯೆ ಬ್ರಷ್ ಅಥವಾ ಪೈಪ್ ಹೋಗದಿದ್ದರೆ ಕೊಳೆ ಅಲ್ಲೇ ಕೂರುತ್ತದೆ. ಬಯೋಬಾಲ್ (ಬ್ಯಾಕ್ಟೀರಿಯಾ ಕೂರಲು ಹಾಕುವ ಪ್ಲಾಸ್ಟಿಕ್ ಚೆಂಡು), ಸ್ಪಂಜ್, ಕಲ್ಲಿನ ರಾಶಿ ಯಾವುದನ್ನೂ ನಾನು ತಳದಲ್ಲಿ ಹರಡುವುದಿಲ್ಲ. ತಳ ಬರಿಗಾಜು. ಬ್ಯಾಕ್ಟೀರಿಯಾಕ್ಕೆ ಬೇಕಾದ ಸೆರಾಮಿಕ್ ಕಲ್ಲುಗಳು ಹಿಡಿಕೆ ಇರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿವೆ. ಎತ್ತಿದರೆ ತಳ ಸ್ವಚ್ಛ.

ಇಲ್ಲೇ ಗಾಜಿನ ಅಂಗಡಿಯಲ್ಲಿ ಮಾಡಿಸಬಹುದಾ?

ಧಾರಾಳವಾಗಿ. 10 ಎಂಎಂ ಗಾಜು, ಅಂಚು ಉಜ್ಜಿದ್ದು. ಸಿಲಿಕೋನ್ ವಿಷಯದಲ್ಲಿ ಮಾತ್ರ ಎದುರಿಗೆ ನಿಂತು ನೋಡಿ. ಬಾತ್‌ರೂಮಿಗೆ ಹಾಕುವ, ಬೂಷ್ಟು ತಡೆಯುವ ಸಿಲಿಕೋನ್‌ನಲ್ಲಿ ಸೇರಿಸಿರುವ ಔಷಧಿ ಜೀವಿಗಳಿಗೆ ವಿಷ. ಅಕ್ವೇರಿಯಂಗೇ ಇರುವುದನ್ನು ತಂದುಕೊಡಿ. ಒಂದು ವಾರ ಒಣಗಲು ಬಿಡಿ. ಆಮೇಲೆ ಬಾಯಿವರೆಗೆ ಸಿಹಿನೀರು ತುಂಬಿಸಿ ಎರಡು ದಿನ ಇಟ್ಟು ನೋಡಿ.

ನೀರು ಇಳಿಯೋ ಸದ್ದಿಗೆ ನಿದ್ದೆ ಬರಲ್ಲ. ಏನ್ ಮಾಡೋದು?

ಸದ್ದು ಮಾಡುವುದು ನೀರಲ್ಲ, ನೀರಿನ ಜೊತೆ ಇಳಿಯುವ ಗಾಳಿ. ಹಾಗಾಗಿ ಮೂರು ಪೈಪ್ ಇಡಿ. ಮೊದಲನೆಯದರಲ್ಲಿ ಪೂರ್ತಿ ನೀರೇ ಇರಬೇಕು. ಅದಕ್ಕೊಂದು ಗೇಟ್ ವಾಲ್ವ್ ಹಾಕಿ, ಗಾಳಿ ಸೇರದಷ್ಟು ನಿಧಾನವಾಗಿ ಬಿಗಿ ಮಾಡಿ. ಎರಡನೆಯದರಲ್ಲಿ ತೆಳ್ಳಗೆ ಒಂದು ಧಾರೆ ಗೋಡೆ ಹಿಡಿದು ಇಳಿಯಲಿ. ಮೂರನೆಯದು ಒಣಗಿಯೇ ಇರಲಿ, ಅದು ಆಪತ್ತಿಗೆ. ಮೊದಲ ಪೈಪ್‌ನ ಬಾಯಿ ಸಂಪ್ ನೀರಿನಲ್ಲಿ ಒಂದೇ ಇಂಚು ಮುಳುಗಿರಲಿ. ಜಾಸ್ತಿ ಮುಳುಗಿದರೆ ಕರೆಂಟ್ ಬಂದಾಗ ಒಳಗಿನ ಗಾಳಿ ಹೊರಬರುವುದು ಕಷ್ಟ.

ಸಂಪ್ ಮೂಲಕ ಗಂಟೆಗೆ ಟ್ಯಾಂಕ್‌ನ ನಾಲ್ಕು ಪಟ್ಟು ನೀರು ಓಡಿದರೆ ಸಾಕು. ನಮ್ಮಲ್ಲಿ ಸುಮಾರು 3500 ಲೀಟರ್. ಅಲೆ ಎಬ್ಬಿಸುವುದು ಮೇಲಿನ ವೇವ್‌ಮೇಕರ್‌ಗಳ ಕೆಲಸ.

ಓಡಿಸುವ ಮೊದಲ ದಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿ ನೋಡಿ. ಉಳಿದ ಎರಡು ಪೈಪ್ ಅಷ್ಟೂ ನೀರನ್ನು ಇಳಿಸಬೇಕು. ಇಳಿಸದಿದ್ದರೆ ಆ ಕೆಲಸ ಮುಗಿದಿಲ್ಲ ಅಂತಲೇ ಅರ್ಥ.

ಹಾರ್ಡ್‌ವೇರ್ ಅಂಗಡಿಯಲ್ಲಿ ಹಿತ್ತಾಳೆ ಗೇಟ್ ವಾಲ್ವ್ ಕೊಟ್ರು. ಹಾಕಬಹುದಾ?

ಬೇಡ. ಹಿತ್ತಾಳೆಯಲ್ಲಿ ತಾಮ್ರ ಇದೆ. ಉಪ್ಪುನೀರಿಗೆ ಅದು ಕರಗಿ ಬರುತ್ತದೆ. ಹವಳ, ಸಿಗಡಿ, ಶಂಖದ ಹುಳು ಯಾವುದೂ ತಡೆಯುವುದಿಲ್ಲ. ಪಿವಿಸಿ ವಾಲ್ವ್ ತರಿಸಿ. ಪ್ರತಿ ಪಂಪ್, ಪ್ರತಿ ವಾಲ್ವ್‌ನ ಎರಡೂ ಕಡೆ ಯೂನಿಯನ್ (ಕೈಯಲ್ಲಿ ತಿರುಗಿಸಿ ಬಿಚ್ಚುವ ಜೋಡಣೆ) ಹಾಕಿಸಿ. ಅಂಟು ಹಾಕಿ ಕೂರಿಸಿದ್ದನ್ನು ತೊಳೆಯಲು ಗರಗಸವೇ ಬೇಕಾಗುತ್ತದೆ.

ನಾನ್-ರಿಟರ್ನ್ ವಾಲ್ವ್ ಹಾಕಿದ್ರೆ ನೀರು ವಾಪಸ್ ಬರಲ್ಲ ಅಲ್ವಾ?

ಹೊಸದಿದ್ದಾಗ ಬರುವುದಿಲ್ಲ. ಆರು ತಿಂಗಳಲ್ಲಿ ಸುಣ್ಣ ಕಟ್ಟುತ್ತದೆ, ಒಂದು ಪುಟ್ಟ ಶಂಖ ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ವಾಪಸ್ ಬರುವ ನೀರಿಗೆ ಜಾಗ ಬಿಡುವುದೇ ನಂಬಬಹುದಾದ ದಾರಿ. ಪಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ಹೋಗುವ ರಿಟರ್ನ್ ಪೈಪ್‌ನ ಬಾಯಿ ಅಲ್ಲಿನ ನೀರಿನ ಮೇಲ್ಮೈಗೆ ಹತ್ತಿರ ಇರಲಿ.

ಹೀಟರ್ ಬೇಕಾ? ಬೆಂಗಳೂರಲ್ಲಿ ಎಲ್ಲರೂ ಚಿಲ್ಲರ್ ಅಂತಾರೆ.

ಮಡಿಕೇರಿಯಲ್ಲಿ ನನಗೆ ಬೇಕಾಗಿರುವುದು ಹೀಟರ್. ನೀರು 25ರಿಂದ 26 ಡಿಗ್ರಿ ಇರಬೇಕು. ಡಿಸೆಂಬರ್, ಜನವರಿ ರಾತ್ರಿಯಲ್ಲಿ ಮನೆಯೊಳಗೂ ಚಳಿ. ಕುಶಾಲನಗರ ತಗ್ಗಿನಲ್ಲಿದೆ. ಅಲ್ಲಿ ಏಪ್ರಿಲ್‌ನಲ್ಲಿ ಸಂಪ್ ಮೇಲೆ ಒಂದು ಫ್ಯಾನ್ ಬೇಕಾಗಬಹುದು.

ಒಂದು ದೊಡ್ಡ ಹೀಟರ್ ಬದಲು ಎರಡು ಚಿಕ್ಕದು ಇಡಿ. ಒಂದು ಕೆಟ್ಟು ನಿಂತರೆ ಇನ್ನೊಂದು ಕಾಯುತ್ತದೆ. ಒಂದು ಆಫ್ ಆಗದೆ ಸಿಕ್ಕಿಕೊಂಡರೂ ನೀರು ಬೇಗ ಬಿಸಿಯಾಗಿ ಎಲ್ಲ ಸಾಯುವುದಿಲ್ಲ. ಎರಡನ್ನೂ ನೀರಿನ ಮಟ್ಟ ಇಳಿಯದ ದೊಡ್ಡ ಖಾನೆಯಲ್ಲೇ, ತಳಕ್ಕೆ ಹತ್ತಿರ ಮಲಗಿಸಿ. ಪಂಪ್ ಖಾನೆಯಲ್ಲಿಟ್ಟರೆ ಒಂದು ದಿನ ನೀರಿನಿಂದ ಹೊರಗುಳಿದು ಒಡೆಯುತ್ತದೆ.

## ನಡೆಸುವಾಗ

ನೀರು ಬದಲಾಯಿಸೋದೇ ದೊಡ್ಡ ರಗಳೆ. ಸುಲಭದ ದಾರಿ ಇದೆಯಾ?

ಇದೆ. ಈ ಸಂಪ್‌ನಲ್ಲಿ ನನಗೆ ತುಂಬ ಇಷ್ಟವಾದ ಭಾಗವೇ ಇದು.

ರಿಟರ್ನ್ ಪಂಪ್, ಸ್ಕಿಮ್ಮರ್, ಹೀಟರ್, ಆವಿಯಾದದ್ದಕ್ಕೆ ನೀರು ತುಂಬಿಸುವ ಪಂಪ್ ಎಲ್ಲ ಆಫ್ ಮಾಡಿ. ಮೇಲಿನಿಂದ 70 ಲೀಟರ್ ಇಳಿದು ಸಂಪ್ ಸುಮಾರು ಹನ್ನೆರಡೂವರೆ ಇಂಚಿಗೆ ಬರುತ್ತದೆ. ಈಗ ಪೈಪ್ ಹಾಕಿ ತಳದ ಕೊಳೆಯನ್ನು ಎಳೆಯುತ್ತಾ ನೀರು ಹೊರಗೆ ಬಿಡಿ. ಅಡ್ಡಗಾಜಿನ ತುದಿ ಕಂಡಾಗ ನಿಲ್ಲಿಸಿ. ಅಷ್ಟೊತ್ತಿಗೆ ಸರಿಸುಮಾರು 65 ಲೀಟರ್ ಹೋಗಿರುತ್ತದೆ. ಬಕೆಟ್ ಎಣಿಸುವುದು ಬೇಡ. ಹೊಸ ಉಪ್ಪುನೀರನ್ನು ಮೊದಲಿದ್ದ ಗೆರೆವರೆಗೆ ತುಂಬಿಸಿ, ಪಂಪ್ ಹಾಕಿ. ಮೇಲಿನ ಹವಳಗಳಿಗೆ ಏನೂ ಆಗಿರುವುದಿಲ್ಲ, ತಳವೂ ಸ್ವಚ್ಛವಾಗಿರುತ್ತದೆ. ನನಗೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆಯ ಕೆಲಸ.

65 ಲೀಟರ್‌ಗೆ ಎರಡೂವರೆ ಕಿಲೋ ಹತ್ತಿರ ಉಪ್ಪು ಬೇಕು. ಲೀಟರ್‌ಗೆ 35 ಗ್ರಾಂ ಉಪ್ಪಿನಂಶ ಬಂದಿದೆಯಾ ಅಂತ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ. ಹೊಸ ನೀರಿನ ಬಿಸಿಯೂ ಟ್ಯಾಂಕ್‌ನಷ್ಟೇ ಇರಲಿ.

ತೆಗೆದ ನೀರನ್ನು ಕಾಫಿ ಗಿಡಕ್ಕೆ, ಮೆಣಸಿನ ಬಳ್ಳಿ ಬುಡಕ್ಕೆ, ತೋಡಿಗೆ ಚೆಲ್ಲಬೇಡಿ. ಬಾವಿ ಹತ್ತಿರದ ಇಂಗುಗುಂಡಿಗೂ ಬೇಡ. ಉಪ್ಪು ಮಣ್ಣಿನಿಂದ ಬೇಗ ಹೋಗುವುದಿಲ್ಲ.

ಮಳೆಗಾಲದಲ್ಲಿ ಫಿಲ್ಟರ್ ಸಾಕ್ಸ್ ಒಣಗೋದೇ ಇಲ್ವಲ್ಲ?

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಬಟ್ಟೆಯೇ ಒಣಗುವುದಿಲ್ಲ, ಇನ್ನು ಇಳಿದ ನೀರನ್ನು ಸೋಸುವ ಈ ದಪ್ಪ ಬಟ್ಟೆಚೀಲ, ಅಂದರೆ ಸಾಕ್ಸ್, ಎಲ್ಲಿ ಒಣಗುತ್ತದೆ? ಒಲೆ ಮೇಲೆ ನೇತುಹಾಕಿದರೆ ಹೊಗೆಯ ಜಿಡ್ಡು ಹಿಡಿಯುತ್ತದೆ. ಹಾಗೆ ಮಾಡಬೇಡಿ. ಹನ್ನೆರಡು ಸಾಕ್ಸ್ ಇಟ್ಟುಕೊಳ್ಳಿ. ಮೂರು ನಾಲ್ಕು ದಿನಕ್ಕೊಂದು ಬದಲಾಯಿಸಿ. ತೆಗೆದದ್ದನ್ನು ಬರೀ ನೀರಿನಲ್ಲಿ ಜೋರಾಗಿ ತೊಳೆದು, ಬಿಸಿಲಿಲ್ಲದಿದ್ದರೆ ಫ್ರೀಜರ್‌ನಲ್ಲಿ ಇಟ್ಟುಬಿಡಿ. ಬೂಷ್ಟು ಹಿಡಿಯುವುದಿಲ್ಲ. ಸೋಪಿನ ಪುಡಿ ಬೇಡವೇ ಬೇಡ, ಸ್ಕಿಮ್ಮರ್ ದಿನಗಟ್ಟಲೆ ನೊರೆ ಉಕ್ಕಿಸುತ್ತದೆ.

ಬದಲಾಯಿಸಲು ಆಗುವುದಿಲ್ಲ ಅನ್ನಿಸಿದರೆ ಸಾಕ್ಸ್ ತೆಗೆದೇ ಬಿಡಿ. ಕೊಳೆತ ಸಾಕ್ಸ್‌ಗಿಂತ ಬರಿಗಾಜಿನ ತಳ ಎಷ್ಟೋ ವಾಸಿ.

ಓವರ್‌ಹೆಡ್ ಟ್ಯಾಂಕಿಂದ ನೇರ ಪೈಪ್ ಎಳೆದು ಬಾಲ್ ವಾಲ್ವ್ ಹಾಕಿದ್ರೆ ಆವಿಯಾದ ನೀರು ಆಟೋಮ್ಯಾಟಿಕ್ ತುಂಬುತ್ತಲ್ಲ?

ಅದು ಒಂದು ಸಲ ಸಿಕ್ಕಿಕೊಂಡರೆ ಇಡೀ ಓವರ್‌ಹೆಡ್ ಟ್ಯಾಂಕ್ ನಿಮ್ಮ ರೀಫ್‌ಗೆ ಇಳಿಯುತ್ತದೆ. ಬೇರೆ 40 ಲೀಟರ್ ಕ್ಯಾನ್ ಇಡಿ, ಅದರಿಂದ ಚಿಕ್ಕ ಪಂಪ್ ತುಂಬಿಸಲಿ. ಕ್ಯಾನ್ ಪೂರ್ತಿ ಖಾಲಿಯಾದರೂ 1000 ಲೀಟರ್ ವ್ಯವಸ್ಥೆಯಲ್ಲಿ ಉಪ್ಪಿನಂಶ 35ರಿಂದ 33.7ರ ಹತ್ತಿರಕ್ಕೆ ಇಳಿಯುತ್ತದೆ ಅಷ್ಟೆ. ಯಾರೂ ಸಾಯುವುದಿಲ್ಲ. ನೀರಿನ ಮಟ್ಟ ನೋಡುವ ಸೆನ್ಸರ್ ಎರಡಿರಲಿ. ಇಷ್ಟು ನಿಮಿಷಕ್ಕಿಂತ ಹೆಚ್ಚು ಓಡಬಾರದು ಅಂತ ಪಂಪ್‌ಗೆ ಮಿತಿಯೂ ಇರಲಿ.

ನಮ್ಮಲ್ಲಿ ಮಳೆನೀರು ಬೇಕಾದಷ್ಟಿದೆ. ಅದನ್ನೇ ಹಾಕಬಹುದಾ?

ಮಳೆನೀರಿನಲ್ಲಿ ಲವಣ ಕಮ್ಮಿ, ನಿಜ. ಆದರೆ ಅದು ಮಾಡಿನ ಮೇಲಿನ ಪಾಚಿ, ಎಲೆ, ಶೀಟಿನ ಲೋಹ ಎಲ್ಲ ತೊಳೆದುಕೊಂಡು ಬರುತ್ತದೆ. ಆರ್‌ಒ, ಆಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿಸಿ ಬಳಸಿ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಅಡುಗೆಮನೆ ಆರ್‌ಒ ಯಂತ್ರ ರುಚಿಗೆ ಲವಣ ಸೇರಿಸುವಂಥದ್ದಾದರೆ ಆ ಭಾಗವನ್ನು ಬಿಟ್ಟು ಪೈಪ್ ತೆಗೆಯಿರಿ.

ಕಾಫಿ ಕೊಯ್ಲಿನ ಟೈಮಲ್ಲಿ ಪುರುಸೊತ್ತೇ ಇರಲ್ಲ. ಕನಿಷ್ಠ ಏನು ಮಾಡ್ಲಿ?

ಸ್ಕಿಮ್ಮರ್ ಕಪ್ ಖಾಲಿ ಮಾಡಿ, ಕ್ಯಾನ್‌ಗೆ ನೀರು ತುಂಬಿಸಿ, ಥರ್ಮಾಮೀಟರ್ ನೋಡಿ. ದಿನಕ್ಕೆ 5 ನಿಮಿಷ. ಪಂಪ್‌ಗಳನ್ನು ವಿನೆಗರ್ ನೀರಿನಲ್ಲಿ ನೆನೆಸಿ ತೊಳೆಯುವ ಕೆಲಸವನ್ನು ಪುತ್ತರಿ (ಹುತ್ತರಿ) ಹಬ್ಬಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಆಮೇಲೆ ಕೊಯ್ಲು ಮುಗಿಯುವವರೆಗೆ ಅದರ ನೆನಪು ಬೇಡ.

## ನಮ್ಮ ಮಳೆ, ನಮ್ಮ ತೋಟ

ಮೆಣಸಿಗೆ ಬೋರ್ಡೋ ಹೊಡೀತೀವಿ. ಟ್ಯಾಂಕ್‌ಗೆ ಏನಾದ್ರೂ ಆಗುತ್ತಾ?

ಆಗುತ್ತದೆ. ಕೊಡಗಿನಲ್ಲಿ ರೀಫ್ ಇಡುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲೇ. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ತಾಮ್ರದ ಲವಣ. ಬಳ್ಳಿಯ ಶಿಲೀಂಧ್ರ ಕೊಲ್ಲುವ ಅದೇ ತಾಮ್ರ ಬೆನ್ನೆಲುಬಿಲ್ಲದ ಕಡಲ ಜೀವಿಗಳನ್ನೂ ಕೊಲ್ಲುತ್ತದೆ, ಅದೂ ಬಹಳ ಕಮ್ಮಿ ಪ್ರಮಾಣದಲ್ಲಿ.

ಸಿಂಪಡಿಸುವ ದಿನ ಸಂಪ್ ರೂಮಿನ ಕಿಟಕಿ ಮುಚ್ಚಿ. ಸ್ಕಿಮ್ಮರ್ ಹೊರಗಿನ ಗಾಳಿ ಎಳೆಯುತ್ತಿದ್ದರೆ ಆ ಪೈಪ್ ಒಳಗೆ ತೆಗೆದುಕೊಳ್ಳಿ. ತೋಟದಿಂದ ಬಂದವರು ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ನೀರಿಗೆ ಕೈ ಹಾಕಬಾರದು.

ಡ್ರಮ್ ವಿಷಯ ಇನ್ನೂ ಮುಖ್ಯ. ತೋಟದ ಮನೆಯಲ್ಲಿ 200 ಲೀಟರ್ ನೀಲಿ ಡ್ರಮ್ ಇದ್ದೇ ಇರುತ್ತದೆ. ತೊಳೆದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಉಪ್ಪುನೀರು ಕಲಸಲು ಹೊಸ ಡ್ರಮ್ ಕೊಳ್ಳಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಟ್ಯಾಂಕ್' ಅಂತ ಬರೆದು, ತೋಟದ ಸಾಮಾನಿನಿಂದ ದೂರ ಇಡಿ. ಮನೆಯವರಿಗೂ ಕೆಲಸದವರಿಗೂ ಹೇಳಿಡಿ. ಸಂಪ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಚೀಲ ಹಾಕುವ ಜಾಗ ಸದಾ ಇರಲಿ.

ಗಾಳಿ ಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರಲ್ಲ. ಆಗ?

ಮೊದಲು ಸಾಯುವುದು ಆಮ್ಲಜನಕ ಇಲ್ಲದೆ. ಹಾಗಾಗಿ ಮೊದಲು ಉಳಿಸಬೇಕಾದದ್ದು ಸಂಪ್ ಅಲ್ಲ, ಮೇಲಿನ ಟ್ಯಾಂಕ್‌ನ ಅಲೆ. ಒಂದು 30 ವ್ಯಾಟ್ ವೇವ್‌ಮೇಕರನ್ನು ನೀರಿನ ಮೇಲ್ಮೈ ಕಲಕುವಂತೆ ತಿರುಗಿಸಿ ಇನ್ವರ್ಟರ್‌ಗೆ ಕೊಡಿ. 150 ಎಎಚ್‌ನ ಒಳ್ಳೇ ಬ್ಯಾಟರಿಯಲ್ಲಿ ಅದೊಂದೇ ಓಡಿದರೆ ಒಂದು ದಿನ ದಾಟುತ್ತದೆ. ರಿಟರ್ನ್ ಪಂಪ್, ಹೀಟರ್, ಸ್ಕಿಮ್ಮರ್ ಇನ್ವರ್ಟರ್ ಮೇಲೆ ಬೇಡ. ಜನರೇಟರ್ ಇದ್ದರೆ ಬೆಳಿಗ್ಗೆ ಸಂಜೆ ಎರಡೆರಡು ಗಂಟೆ ಎಲ್ಲವನ್ನೂ ಓಡಿಸಿ. ಸಂಪ್ ನೀರು ತಾಜಾ ಆಗುತ್ತದೆ, ಬಿಸಿಯೂ ಏರುತ್ತದೆ. ಉಳಿದ ಹೊತ್ತು ಟ್ಯಾಂಕ್ ಸುತ್ತ ಕಂಬಳಿ ಹೊದಿಸಿ. ಮೀನಿಗೆ ಊಟ ಬೇಡ.

ಕರೆಂಟ್ ಬಂದಾಗ ಸ್ಕಿಮ್ಮರ್ 10 ನಿಮಿಷ ತಡವಾಗಿ ಶುರುವಾಗುವಂತೆ ಟೈಮರ್ ಇಡಿ. ಸಂಪ್ ಮಟ್ಟ ಇಳಿಯುವ ಮೊದಲೇ ಅದು ಓಡಿದರೆ ಕಪ್ಪಿನ ಕೊಳೆಯೆಲ್ಲ ಉಕ್ಕಿ ನೀರಿಗೇ ಬೀಳುತ್ತದೆ.

ಸ್ವಿಚ್‌ಬೋರ್ಡ್ ಎಲ್ಲಿ ಇಡೋದು?

ಸಂಪ್ ಮೇಲೆ ಅಲ್ಲ, ಪಕ್ಕದ ಗೋಡೆಯಲ್ಲಿ, ಎದೆಯೆತ್ತರದಲ್ಲಿ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಶುರು ಮಾಡಲೇಬೇಡಿ. ಪ್ರತಿ ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ, ಆಗ ಹನಿ ಪ್ಲಗ್‌ಗೆ ಹೋಗುವುದಿಲ್ಲ. ಪ್ರತಿ ಪ್ಲಗ್ ಮೇಲೆ ಹೆಸರು ಬರೆಯಿರಿ. ಏಪ್ರಿಲ್, ಮೇ ಗುಡುಗಿಗೆ ಸರ್ಜ್ ಪ್ರೊಟೆಕ್ಟರ್ ಇರಲಿ. ಇಲಿ ಕಾಟ ಇರುವ ಮನೆಯಾದರೆ ವೈರ್ ಮತ್ತು ಸಣ್ಣ ಟ್ಯೂಬ್‌ಗಳನ್ನು ಪಿವಿಸಿ ಪೈಪ್ ಒಳಗೆ ಎಳೆಯಿರಿ.

## ಪಳಗಿದವರ ಪ್ರಶ್ನೆಗಳು

ಬೇಸಿಗೆಯಲ್ಲಿ ಆಲ್ಕಲಿನಿಟಿ ಸರಿ ಇರುತ್ತೆ, ಮಳೆಗಾಲದಲ್ಲಿ ಇಳಿಯುತ್ತೆ. ಸುಣ್ಣದ ನೀರು ಅಷ್ಟೇ ಗಟ್ಟಿ ಹಾಕ್ತಿದ್ದೀನಲ್ಲ?

ಗಟ್ಟಿ ಅಷ್ಟೇ ಇದೆ, ಹೋಗುತ್ತಿರುವುದು ಕಮ್ಮಿ. ಹವಳ ಮೈ ಕಟ್ಟಿಕೊಳ್ಳಲು ಬಳಸುವ ಆಲ್ಕಲಿನಿಟಿ (ನೀರಿನ ಕ್ಷಾರದ ಅಂಶ) ಉಳಿಯಲಿ ಅಂತ ಆವಿಯಾದ ನೀರಿನ ಜಾಗಕ್ಕೆ ಸುಣ್ಣದ ತಿಳಿನೀರು ತುಂಬಿಸುತ್ತಿದ್ದೀರಿ. ನಮ್ಮ ಮನೆಯಲ್ಲಿ ಫೆಬ್ರವರಿಯಲ್ಲಿ ದಿನಕ್ಕೆ 8 ಲೀಟರ್ ಆವಿಯಾದರೆ ಕಕ್ಕಡದಲ್ಲಿ 3 ಲೀಟರ್. ಪೂರ್ತಿ ಕರಗಿದ ಸುಣ್ಣದ ನೀರು 8 ಲೀಟರ್ ಹೋದರೆ 1000 ಲೀಟರ್‌ಗೆ ದಿನಕ್ಕೆ ಸುಮಾರು 0.9 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಸೇರುತ್ತದೆ. 3 ಲೀಟರ್ ಆದರೆ 0.3 ಮಾತ್ರ. ಹವಳ ಮಾತ್ರ ಎರಡೂ ಕಾಲದಲ್ಲಿ ಅಷ್ಟೇ ತಿನ್ನುತ್ತದೆ.

ಹಾಗಾಗಿ ದಿನಕ್ಕಿಷ್ಟು ಅಂತ ದ್ರಾವಣ ಹನಿಸುವ ಡೋಸಿಂಗ್ ಪಂಪ್‌ಗೆ, ಅದರ ಎರಡು ಬಾಟಲಿಗೆ ಸಂಪ್ ಪಕ್ಕ ಮೊದಲೇ ಜಾಗ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊರತೆಯನ್ನು ಅದು ತುಂಬಲಿ. ವಾರಕ್ಕೆರಡು ಸಲ ಅಳೆಯಿರಿ. 8ರಿಂದ 9 ಡಿಕೆಎಚ್ ಮಧ್ಯೆ ಅಲುಗಾಡದೆ ನಿಂತರೆ ಸಾಕು.

ಪಿಎಚ್ ಕೂಡ ಮಳೆಗಾಲದಲ್ಲೇ ಇಳಿಯುತ್ತೆ. ಯಾಕೆ?

ಕಿಟಕಿ ಬಾಗಿಲು ಮುಚ್ಚಿರುತ್ತೇವೆ, ಒಳಗೆ ಒಲೆ ಉರಿಯುತ್ತದೆ, ಮನೆ ತುಂಬಾ ಜನ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ನೀರೂ ಅದನ್ನೇ ಹೀರುತ್ತದೆ. ಸ್ಕಿಮ್ಮರ್‌ನ ಗಾಳಿ ಪೈಪನ್ನು ಗೋಡೆಯಾಚೆ, ಮಳೆ ಬೀಳದ ಸೂರಿನಡಿಗೆ ಕೊಂಡೊಯ್ಯಿರಿ. ಬಾಯಿಗೆ ಬಲೆ ಕಟ್ಟಿ, ಇಲ್ಲದಿದ್ದರೆ ಹುಳು ಗೂಡು ಕಟ್ಟುತ್ತದೆ. ಪಿಎಚ್ ಏರಿಸುವ ಪುಡಿ ಸುರಿಯುವುದು ಬೇಡ.

ಸಂಪ್‌ನಲ್ಲಿ ಕೀಟೋ ಪಾಚಿ ಬೆಳೆಸಲೇಬೇಕಾ?

ಬೇಕೇ ಬೇಕು ಅಂತಿಲ್ಲ. ಕೀಟೋ ಅಂದರೆ ನೀರಿನ ನೈಟ್ರೇಟ್ ಹೀರಿ ಬೆಳೆಯುವ, ಎಳೆ ಎಳೆಯಾದ ಹಸಿರು ಪಾಚಿ. ನೈಟ್ರೇಟ್ ಹೆಚ್ಚಿದ್ದರೆ ಮಾತ್ರ ಬೆಳೆಸಿ. ತಳಕ್ಕೆ ಬಿಡದೆ ಬಲೆಬುಟ್ಟಿಯಲ್ಲಿ ಹಾಕಿ, ರಾತ್ರಿ ಹೊತ್ತು ಲೈಟ್ ಕೊಡಿ. ರಾತ್ರಿ ಪಿಎಚ್ ಇಳಿಯುವುದೂ ಸ್ವಲ್ಪ ಕಮ್ಮಿಯಾಗುತ್ತದೆ. ತಿಂಗಳಿಗೊಮ್ಮೆ ಅರ್ಧ ಕಿತ್ತು ತೆಗೆಯಿರಿ. ಕೀಳದಿದ್ದರೆ ಬೆಳೆಸಿ ಉಪಯೋಗವಿಲ್ಲ.

ಕಣ್ಣೂರು ಕಡೆ ಹೋದಾಗ ಕಡಲಿನಿಂದ ಕಲ್ಲು, ಒಣಗಿದ ಹವಳ ತಂದು ಸಂಪ್‌ಗೆ ಹಾಕಬಹುದಾ?

ತರಬೇಡಿ. ಗಟ್ಟಿ ಹವಳಗಳೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆ ಹವಳವೂ ಹಾಗೇ. ಸತ್ತದ್ದು ಅನ್ನುವುದು ನೆಪವಾಗುವುದಿಲ್ಲ. ಸಂಪ್‌ಗೆ ರಂಧ್ರಗಳಿರುವ ಸೆರಾಮಿಕ್ ಕಲ್ಲು ಸಾಕು. ಹೊಸದಾಗಿ ಹಾಕಿದ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಲು ಒಂದೂವರೆ ಎರಡು ತಿಂಗಳು ಕಾಯಿರಿ. ಅಮೋನಿಯ, ನೈಟ್ರೈಟ್ ಎರಡೂ 0 ತೋರಿಸಿದ ಮೇಲೆ ಮೊದಲ ಮೀನು ತನ್ನಿ. ಅದನ್ನೂ, ಹವಳವನ್ನೂ ಕಾಗದಪತ್ರ ಕೊಡುವ ಮಾರಾಟಗಾರರಿಂದಲೇ ಕೊಳ್ಳಿ, ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ.